ಮನೋಹರನ ಮೊದಲ ಟ್ರೌಟ್

ಮೀನು ಸಿಕ್ಕಿತು. ಮನೋಹರನ ಗ್ರಹಚಾರ ಕೆಟ್ಟದ್ದೇ ಅಲ್ಲಿಂದ.

ಟ್ರೌಟ್ ಮೀನು ಹಿಡಿಯುವ ಹಂಗಾಮು ತೆರೆದ ಮೊದಲ ಬೆಳಿಗ್ಗೆ ಅದು. ಅಕ್ಟೋಬರ್ ಇಲ್ಲಿ ಹೆಸರಿಗೆ ವಸಂತ; ತಾರಾವೆರಾ ಸರೋವರದ ಗಾಳಿ ಕಿವಿ ಕಿತ್ತು ಕೈಗೆ ಕೊಡುತ್ತಿತ್ತು. ದೋಣಿ ಕ್ರೇಗ್‌ನದು. ಕ್ರೇಗ್ ಮನೋಹರನ ಆಕ್ಲೆಂಡ್ ಆಫೀಸಿನ ಮ್ಯಾನೇಜರ್, ಟೀಮ್ ಲೀಡ್ ಹುದ್ದೆ ಯಾರಿಗೆ ಎಂಬುದು ಅವನ ಕೈಯಲ್ಲಿತ್ತು. ಹಾಗಾಗಿಯೇ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಗದಗಿನ ಮನೋಹರ ಎರಡು ವರ್ಷದಿಂದ ಗಾಳ ಹಿಡಿದು ಅವನ ಬೆನ್ನು ಹತ್ತಿದ್ದ. ‘ಹಿಡಿಯೂದು, ಬಿಡೂದು. ಪಾಪ ಎಲ್ಲಿಂದ ಬಂತಬೇ?’ ಎಂದು ತಾಯಿ ಗಂಗವ್ವನಿಗೆ ಸಮಾಧಾನ ಹೇಳಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪುಣ್ಯಕ್ಕೆ ಇಲ್ಲಿಯವರೆಗೆ ಒಂದು ಮೀನೂ ಅವನ ಗಾಳಕ್ಕೆ ಬಿದ್ದಿರಲಿಲ್ಲ.

ದೋಣಿಯಲ್ಲಿದ್ದ ಮೂರನೆಯವನು ಜಾವೇದ್. ಅದೇ ಆಫೀಸು, ಅದೇ ಗದಗ. ಅವನಿಗೆ ಬೇಕಾಗಿದ್ದದ್ದು ಮೀನಲ್ಲ, ಮನೆ. ಬರುವ ಭಾನುವಾರ ಈಗಿರುವ ಕೋಣೆ ಖಾಲಿ ಮಾಡಬೇಕು. ಹೆಂಡತಿ ಆಯೇಶಾಳ ಮಡಿಲಲ್ಲಿ ಕೂಸು. ಆಕ್ಲೆಂಡಿನ ಬಾಟನಿ ಡೌನ್ಸ್ ಬಡಾವಣೆಯಲ್ಲಿ ಮನೋಹರನ ಮನೆಯ ಹಿತ್ತಿಲಿನ ಪುಟ್ಟ ಫ್ಲ್ಯಾಟ್ ಬೀಗ ಹಾಕಿಕೊಂಡು ಕೂತಿತ್ತು. ಬಾಡಿಗೆಗೆ ಕೇಳಿದಾಗಲೆಲ್ಲ ‘ಪೇಂಟಿಂಗ್ ನಡದೈತಿ’ ಎಂಬ ಉತ್ತರ. ತಿಂಗಳುಗಟ್ಟಲೆ ನಡೆದಿತ್ತು, ಮೈಸೂರು ಅರಮನೆಗೂ ಅಷ್ಟು ಬಣ್ಣ ಹಿಡಿಯಲಿಕ್ಕಿಲ್ಲ. ಮೀನು, ಮಾಂಸ ಬೇಯಿಸುವವರಿಗೆ ಕೊಡುವುದಿಲ್ಲ ಎಂದು ನೇರ ಹೇಳಲು ಬಾಯಿಲ್ಲದವನ ನೆಪ ಅದು. ಜಾವೇದನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಇಲ್ಲಿ ಹೇಗಾದರೂ ಮಾತು ತೆಗೆಯೋಣವೆಂದು ಬಂದಿದ್ದ.

“ಬಿಟ್ಟುಬಿಡೋಣ!” ಎಂದು ಮನೋಹರ ಇಂಗ್ಲಿಷಿನಲ್ಲಿ ಕೂಗಿದ. ಕ್ರೇಗ್ ಮೀನಿನ ಬಾಯಿ ಬಿಡಿಸಿ ನೋಡಿ ತಲೆಯಾಡಿಸಿದ. ಕೊಕ್ಕೆ ಗಂಟಲಿನಲ್ಲಿ ಇಳಿದಿತ್ತು, ಕಿವಿರಿನಿಂದ ರಕ್ತ. “ಇದು ಬದುಕುವುದಿಲ್ಲ. ನಿನ್ನ ಮೊದಲ ಮೀನು, ನೀನೇ ಮುಗಿಸು. ಮೀನನ್ನು ನರಳಿಸುವವನನ್ನು ನಾನು ಆಫೀಸಿನಲ್ಲೂ ನಂಬುವುದಿಲ್ಲ” ಎಂದು ಒಂದು ಮರದ ಕೊಡತಿ ಅವನ ಕೈಗಿಟ್ಟ. ಮನೋಹರ ಅದನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಜಾವೇದ, ನೀ ಹೊಡಿಯೋ ಮಾರಾಯಾ! ಲಗೂನ!” ಎಂದ ಕನ್ನಡದಲ್ಲಿ.

“ಮೀನ ನಿಮ್ಮದು ಸರ್, ನಾ ಯಾಕ ಹೊಡೀಲಿ?”

“ನಕ್ಕೋತ ಮಾತಾಡು. ಅವ ನೋಡಾಕತ್ತಾನ.”

“ನಕ್ಕೋತನ ಕೇಳ್ತೀನ್ರಿ. ಮನಿ ವಿಚಾರ ಏನ್ ಮಾಡಿದ್ರಿ?”

“ಏ, ಪೇಂಟಿಂಗ್ ನಡದೈತಿ ಅಂತ ಹೇಳೇನಲ್ಲ!”

“ಹಂಗಾದ್ರ ನೀವs ಹೊಡೀರಿ.”

ಮೀನು ಬಡಬಡನೆ ಒದ್ದಾಡಿ ಮನೋಹರನ ಬೂಟಿನ ಮೇಲೆ ಬಂದು ಬಿತ್ತು. ಅವನ ಮುಖದ ನಗು ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ನೀರು. “ಯಪ್ಪಾ! ಕೊಡ್ತೀನೋ! ಶನಿವಾರ ಬಂದು ಕೀಲಿ ತೊಗೋ, ನಮ್ಮವ್ವನ ಆಣಿ!”

ಕ್ರೇಗ್ ಐಸ್ ಪೆಟ್ಟಿಗೆ ತೆಗೆಯಲು ಆ ಕಡೆ ತಿರುಗಿದ್ದೇ ತಡ, ಜಾವೇದ್ ಕೊಡತಿ ಕಿತ್ತುಕೊಂಡು ಒಂದೇಟು ಹಾಕಿ ಮತ್ತೆ ಮನೋಹರನ ಕೈಗೇ ಇಟ್ಟ. ಕ್ರೇಗ್ ತಿರುಗಿ ನೋಡಿ, “ಭಲೆ! ಅಚ್ಚುಕಟ್ಟಾದ ಕೆಲಸ!” ಎಂದ. ಮನೋಹರ ನಾಚಿಕೆಯಿಲ್ಲದೆ ಥ್ಯಾಂಕ್ಯೂ ಹೇಳಿದ.

ದಂಡೆಗೆ ಬಂದ ಮೇಲೆ ಕ್ರೇಗ್ ಗ್ಯಾಸ್ ಒಲೆ ಹಚ್ಚಿ, ಬೆಣ್ಣೆಯಲ್ಲಿ ಮೀನು ಹುರಿದು, ನಿಂಬೆ ಹಿಂಡಿ, ಮೊದಲ ತುಂಡನ್ನು ಫೋರ್ಕಿನಲ್ಲಿ ಚುಚ್ಚಿ ಮನೋಹರನ ಮೂಗಿನ ಮುಂದೆ ಹಿಡಿದ. “ಹಿಡಿದವನಿಗೇ ಮೊದಲ ತುತ್ತು!” ಮನೋಹರ ಒಮ್ಮೆ ಆ ತುಂಡನ್ನು ನೋಡಿದ, ಒಮ್ಮೆ ಟೀಮ್ ಲೀಡ್ ಹುದ್ದೆ ಕೊಡುವವನನ್ನು ನೋಡಿದ, ಕಣ್ಣು ಮುಚ್ಚಿ ಬಾಯಿ ತೆರೆದ. ಎರಡನೆಯ ತುಂಡಿಗೆ ಕಣ್ಣೂ ತೆರೆದ. ಮೂರನೆಯದನ್ನು ಯಾರೂ ಕೊಡಲಿಲ್ಲ, ತಾನೇ ಹಾಕಿಕೊಂಡ. ಜಾವೇದನಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಅವನು ಆಯೇಶಾಗೆ ಫೋನು ಮಾಡಿ ಮನೆ ಸಿಕ್ಕಿತೆಂದ. ಅವಳು ಆ ಕಡೆ ಅತ್ತೇಬಿಟ್ಟಳು.

ಫೋನು ಕೆಳಗಿಟ್ಟಾಗ ಮನೋಹರ ತಟ್ಟೆ ಬಳಿದು ಬೆರಳು ನೆಕ್ಕುತ್ತಿದ್ದ.

“ಒಂದು ಮಾತು ಜಾವೇದ” ಎಂದ. “ಮನಿ ಕೊಡ್ತೀನಿ, ಖರೆ. ಆದ್ರ ಒಳಗ ಮೀನ ಗೀನ ಬೇಯಿಸಂಗಿಲ್ಲ. ನಮ್ಮದು ಪೂಜಿ ಪುನಸ್ಕಾರ ಇರೋ ಮನಿ, ವಾಸನಿ ನಡೆಯಂಗಿಲ್ಲ.”

ಜಾವೇದನಿಗೆ ಮೈ ಉರಿದುಹೋಯಿತು. ಅವನ ಜಿಡ್ಡು ಬೆರಳುಗಳನ್ನೇ ನೋಡಿದ.

“ಏನಂತೆ?” ಎಂದು ಕ್ರೇಗ್ ಕೇಳಿದ.

“ಶನಿವಾರದಿಂದ ತನ್ನ ಫ್ಲ್ಯಾಟ್ ನನಗೆ ಬಾಡಿಗೆಗೆ ಕೊಡುತ್ತಾನಂತೆ” ಎಂದು ಜಾವೇದ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. “ಮೊದಲ ದಿನ ಅಲ್ಲೇ ಟ್ರೌಟ್ ಊಟ ಆಗಬೇಕಂತೆ. ಅಡಿಗೆ ನನ್ನದು. ನಿನ್ನನ್ನೂ ಕರೆಯುತ್ತಿದ್ದಾನೆ.”

“ಬರದೇ ಇರುತ್ತೇನೆಯೆ! ಮೀನು ನಾನೇ ತರುತ್ತೇನೆ!” ಕ್ರೇಗ್ ಮನೋಹರನ ಬೆನ್ನಿಗೆ ಪಟ್ಟೆಂದು ಬಡಿದ. “ಜೊತೆಯವರನ್ನು ಹೀಗೆ ನೋಡಿಕೊಳ್ಳುವವನೇ ಲೀಡರ್.”

ಮನೋಹರ ಹಲ್ಲು ಕಿರಿದ. ಮುಂದಿನ ಎರಡು ಹಲ್ಲಿನ ಸಂದಿಯಲ್ಲಿ ಟ್ರೌಟಿನ ಮುಳ್ಳೊಂದು ನೆಟ್ಟಗೆ ನಿಂತಿತ್ತು.