ಇಲ್ಲಿಂದಲೇ ಕಾಣುತ್ತೆ

ಶಿಶುವಿಹಾರದ ಆಟ-ಪಾಠದ ಗುಣಮಟ್ಟ ಅಳೆಯಲು ತಪಾಸಣೆಯ ಮೇಡಂ ಈ ವರ್ಷವೂ ಬಂದಿದ್ದರು. ಉಯ್ಯಾಲೆ ಗಟ್ಟಿಯಿದೆ ಎಂದು ಅವರು ಸಹಿ ಹಾಕಿದರೆ ಮಕ್ಕಳು ಆಡಬಹುದು, ಹಾಕದಿದ್ದರೆ ಶಾಲೆಗೇ ಬೀಗ. ಟೀಚರ್ ಬೆಳಗಿನಿಂದ ನೀರು ಕುಡಿಯುತ್ತಲೇ ಇದ್ದರು.

ಪಾಠ ನೋಡಿದ್ದಾಯಿತು. ಜಗಲಿಯ ನೆರಳಲ್ಲಿ ಎಳನೀರು ಹೀರುತ್ತಾ ಮೇಡಂ ಕೇಳಿದರು: "ಮಕ್ಕಳು ಅನುಕರಣೆ ಮಾಡ್ತಾರೇನ್ರೀ? ಅದಕ್ಕೇ ಹತ್ತು ಅಂಕ ಇದೆ."

"ಇಂಚರಾ, ಯಾರದ್ದಾದ್ರೂ ಆ್ಯಕ್ಟಿಂಗ್ ಮಾಡು ಪುಟ್ಟಾ" ಎಂದರು ಟೀಚರ್.

ಪುಟಾಣಿ ಇಂಚರ ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿದಳು. ಇಲ್ಲದ ಎಳನೀರನ್ನು ಸೊರ್ರೆಂದು ಹೀರಿದಳು. ಅಂಗಳದ ಆಚೆಗಿದ್ದ ಉಯ್ಯಾಲೆಯತ್ತ ಕೈಬೀಸಿ, "ಅಬ್ಬಾ, ಏನ್ ಬಿಸಿಲು! ಇಲ್ಲಿಂದ್ಲೇ ಕಾಣುತ್ತೆ ಬಿಡ್ರೀ, ಗಟ್ಟಿಯಾಗೇ ಇದೆ" ಎಂದಳು.

ಮೇಡಂ ಬಿದ್ದು ಬಿದ್ದು ನಕ್ಕರು. "ಅಯ್ಯೋ ತರ್ಲೆ! ಹೋದ ವರ್ಷ ನಾನು ಹೇಳಿದ ಮಾತು, ನನ್ನದೇ ಗಂಟಲು! ಏನ್ ಜ್ಞಾಪಕ ಇವಳಿಗೆ! ಹತ್ತಕ್ಕೆ ಹತ್ತು ಕೊಟ್ಟೆ."

ಟೀಚರ್ ನಗಲಿಲ್ಲ. "ಇವಳು ಸೇರಿದ್ದು ಈ ಜೂನ್‌ನಲ್ಲಿ ಮೇಡಂ. ಹೋದ ವರ್ಷ ಇಲ್ಲಿದ್ದಿದ್ದು ಇವಳ ಅಕ್ಕ."

"ಓ, ಅಕ್ಕ ಹೇಳ್ಕೊಟ್ಟಿದ್ದಾ? ಅವಳೀಗ ಒಂದನೇ ಕ್ಲಾಸಾ?"

"ನೀವು ಬಂದುಹೋದ ಮಾರನೇ ದಿನ ಅವಳು ಆಡ್ತಿದ್ದಾಗ ಉಯ್ಯಾಲೆ ಸರಪಳಿ ಕಿತ್ತು ಬಂತು ಮೇಡಂ. ಮಗು ಉಳೀಲಿಲ್ಲ. ನಿಮಗೆ ತಿಳಿಸೋಕೆ ಶಾಲೆ ಮಾಲೀಕರು ಬಿಡ್ಲಿಲ್ಲ."

ಮೇಡಂ ಕೈಯ ಎಳನೀರು ಜಾರಿ ಅಂಗಳಕ್ಕೆ ಉರುಳಿತು. ಇಂಚರ ಅವರ ಬೆರಳು ಹಿಡಿದು ಬಿಸಿಲಿಗೆ ಎಳೆದಳು.

"ಬನ್ನಿ ಮಿಸ್, ಅಕ್ಕ ಇಳಿದು ಜಾಗ ಬಿಟ್ಟಿದಾಳೆ. ಈ ಸಲ ನೀವೇ ಕೂತು ನೋಡ್ಬೇಕಂತೆ, ಅವಳೇ ತಳ್ತಾಳಂತೆ."