ಪಕ್ಕದ ಸೀಟಿನ ತೂಕ

"ಪಕ್ಕದ ಸೀಟ್ಗೆ ಎಷ್ಟು ತೂಕ ಮಡಗ್ಲಣ್ಣ?" ಎಂದು ಮೆಕ್ಯಾನಿಕ್ ದೊರೆಸ್ವಾಮಿ ಕೇಳಿದ.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿದ್ದ ಅವನ ಶೆಡ್ಡಿನಲ್ಲಿ ಅರಿಶಿನದ ವ್ಯಾಪಾರಿ ಶಿವಶಂಕರನ ಕಾರು ನಾಲ್ಕು ತೂಕದ ಯಂತ್ರಗಳ ಮೇಲೆ ನಿಂತಿತ್ತು, ಚಕ್ರಕ್ಕೊಂದು. ಯಂತ್ರಗಳನ್ನು ಈರುಳ್ಳಿ ಮಂಡಿಯಿಂದ ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತಂದಿದ್ದರು. ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅದು. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದರಿಂದ, ತಿರುವಿನಲ್ಲಿ ಆಕ್ಸಿಲರೇಟರ್ ತುಸು ಹೆಚ್ಚು ಒತ್ತಿದರೆ ಹಿಂಭಾಗ ಹೊರಕ್ಕೆ ಬೀಸುತ್ತಿತ್ತು, ಅದೂ ಯಾವ ಸೂಚನೆಯೂ ಇಲ್ಲದೆ. ದೊರೆಸ್ವಾಮಿ ಸವೆದ ರಬ್ಬರ್ ಬುಷ್‌ಗಳನ್ನು ಬದಲಿಸಿದ್ದ. ಹಿಂದಿನ ಎರಡೂ ಚಕ್ರಗಳನ್ನು ಕೂದಲೆಳೆಯಷ್ಟು ಒಳಮುಖ ಮಾಡಿದ್ದ, ಹಿಂದಿನ ಸಸ್ಪೆನ್ಷನ್ನಿನ ಬಿಗಿ ಇಳಿಸಿದ್ದ. ಉಳಿದದ್ದು ನಾಲ್ಕು ಚಕ್ರಗಳಿಗೆ ಭಾರವನ್ನು ಹದವಾಗಿ ಹಂಚುವ ಕೆಲಸ. ಅದಕ್ಕೆ ಕೂರುವವರ ತೂಕವೂ ಲೆಕ್ಕಕ್ಕೆ ಬೇಕು.

ಒಬ್ಬರೇ ಓಡಾಡುವುದಾದರೆ ಪಕ್ಕದ ಸೀಟನ್ನು ಖಾಲಿ ಬಿಡುತ್ತೇನೆ ಎಂದ ದೊರೆಸ್ವಾಮಿ. ಇಬ್ಬರು ಎಂದ ಶಿವಶಂಕರ. ಹಾಗಾದರೆ ಅಕ್ಕನವರ ತೂಕ ಎಷ್ಟು ಎಂಬ ಪ್ರಶ್ನೆ ಬಂತು. ಸ್ಟೀರಿಂಗ್ ಹಿಡಿದು ಕೂತಿದ್ದ ಶಿವಶಂಕರ ಪಕ್ಕದ ಖಾಲಿ ಸೀಟಿನತ್ತ ನೋಡಿದ. ಐವತ್ತೈದು ಕಿಲೋ ಇರಬಹುದು ಎಂದ.

"ಅರಿಶಿನದ ಮೂಟೆ ಕಣ್ಣಲ್ ನೋಡೇ ತೂಕ ಯೋಳ್ಬುಡ್ತೀರಿ, ಅಕ್ಕಾರ್ದು ಮಾತ್ರ ಇರಬೋದಾ?" ಎಂದು ನಗುತ್ತ ದೊರೆಸ್ವಾಮಿ ಈರುಳ್ಳಿ ಚೀಲವೊಂದನ್ನು ತೂಗಿ ತಂದು, ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದ.

ಹೆಂಡತಿ ರೂಪಶ್ರೀ ಆ ಸೀಟಿನಲ್ಲಿ ಕೂತು ನಾಲ್ಕು ತಿಂಗಳಾಗಿತ್ತು. ಅವಳು ಸಂತೆಮರಹಳ್ಳಿಯ ಹೈಸ್ಕೂಲಿನಲ್ಲಿ ಟೀಚರ್. ಚಾಮರಾಜನಗರದಿಂದ ದಿನಾ ಬೆಳಿಗ್ಗೆ ಶಿವಶಂಕರನೇ ಅವಳನ್ನು ಬಿಟ್ಟು ಬಂದು ಅರಿಶಿನದ ಅಂಗಡಿ ತೆರೆಯುತ್ತಿದ್ದ. ಗಂಡ ಹೆಂಡತಿ ಮನಬಿಚ್ಚಿ ಮಾತಾಡುತ್ತಿದ್ದುದು ಆ ದಾರಿಯಲ್ಲಿ ಮಾತ್ರ. ಮುಂಗಾರಿನ ಮೊದಲ ಮಳೆಯಲ್ಲಿ ಇಬ್ಬರೂ ಗುಂಡ್ಲುಪೇಟೆಗೆ ಹೋಗುವಾಗ, ತೆರಕಣಾಂಬಿಗೆ ಮುಂಚಿನ ಕೆರೆ ಏರಿಯ ತಿರುವಿನಲ್ಲಿ ಕಾರು ಜಾರಿ ಅಡ್ಡ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಮಾರನೆಯ ದಿನದಿಂದ ರೂಪಶ್ರೀ ಬಸ್ಸು ಹಿಡಿದಳು. ಜಗಳವಾಡಲಿಲ್ಲ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೇಜಿನ ಮೇಲೆ ಉಪ್ಪಿಟ್ಟು ಮುಚ್ಚಿಟ್ಟಿರುತ್ತಿತ್ತು, ಬಾಗಿಲು ಎಳೆದಿರುತ್ತಿತ್ತು.

ಕಾರಿನದೇ ದೋಷ ಎಂದು ಶಿವಶಂಕರ ತೀರ್ಮಾನಿಸಿದ್ದ. ದೋಷ ಎಂದಮೇಲೆ ರಿಪೇರಿಯೂ ಇರಬೇಕಲ್ಲ.

ಭಾರ ಹೊಂದಿಸಿದ ಮೇಲೆ ದೊರೆಸ್ವಾಮಿ ಕಾರನ್ನು ಖಾಲಿ ಬಡಾವಣೆಯೊಂದರ ರಸ್ತೆಗಳಲ್ಲಿ ಹತ್ತಾರು ಸುತ್ತು ಓಡಿಸಿ ತಂದ. "ಈಗ ಜಾರೋಕ್ಮುಂಚೆ ಯೋಳ್ತದೆ ಕಣಣ್ಣ. ಮೊದ್ಲಂಗೆ ಇದ್ಕಿದ್ದಂಗೆ ತಿರುಗ್ಬುಡಲ್ಲ. ಧೈರ್ಯವಾಗಿ ಕೂರುಸ್ಕಂಡೋಗಿ" ಎಂದ.

ಆ ಭಾನುವಾರ ಗುಂಡ್ಲುಪೇಟೆಯಲ್ಲಿ ರೂಪಶ್ರೀಯ ದೊಡ್ಡಮ್ಮನ ಮಗಳ ಮನೆಯ ಗೃಹಪ್ರವೇಶ. ಅವಳು ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ ಶಿವಶಂಕರ ಬುಷ್ಷಿನಿಂದ ಹಿಡಿದು ಈರುಳ್ಳಿ ಚೀಲದವರೆಗೆ ಎಲ್ಲವನ್ನೂ ವಿವರಿಸಿದ. ಅವಳು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಆ ತಿರುವಿನಲ್ಲಿ ನಿಧಾನವಾಗಿ ಹೋಗುತ್ತೀರಾ ಎಂದಷ್ಟೇ ಕೇಳಿದಳು. ಹೂಂ ಎಂದ. ಬಂದು ಕೂತಳು.

ಕಾರು ಚಾಮರಾಜನಗರ ದಾಟಿತು. ಸಂತೆಮರಹಳ್ಳಿ ಬಸ್ಸಿನಲ್ಲಿ ಈಗ ಮೊದಲಿನಷ್ಟು ನೂಕುನುಗ್ಗಲು ಇಲ್ಲ ಎಂದಳು. ಹತ್ತನೇ ತರಗತಿಯ ಮಕ್ಕಳು ತನಗಿಟ್ಟ ಅಡ್ಡಹೆಸರು ಹೇಳಿದಳು. ನಾಲ್ಕು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಶಿವಶಂಕರನ ಎದೆ ಹಗುರಾಯಿತು.

ಕೆರೆ ಏರಿ ಕಂಡಿತು. ಸೋನೆ ಬಿದ್ದು ರಸ್ತೆ ಒದ್ದೆಯಾಗಿತ್ತು. ನಿಧಾನ ಮಾಡಬೇಕೆಂದೇ ಅವನು ಹೊರಟಿದ್ದ. ಆದರೆ ನಿಧಾನವಾಗಿ ಹೋದರೆ ಕಾರು ಸರಿಯಾಗಿದೆ ಎಂದು ಅವಳಿಗೆ ಗೊತ್ತಾಗುವುದು ಹೇಗೆ? ಒಮ್ಮೆ ಕಣ್ಣಾರೆ ಕಂಡರೆ ಭಯ ಶಾಶ್ವತವಾಗಿ ಹೋಗುತ್ತದೆ. ಅವನು ಅವತ್ತಿನಷ್ಟೇ ವೇಗದಲ್ಲಿ ತಿರುವಿಗೆ ನುಗ್ಗಿ, ಅವತ್ತಿನ ಜಾಗದಲ್ಲೇ ಆಕ್ಸಿಲರೇಟರ್ ಒತ್ತಿದ. ಹಿಂಭಾಗ ಸಣ್ಣಗೆ ಅದುರಿ, ಮುನ್ಸೂಚನೆ ಕೊಟ್ಟು, ಮತ್ತೆ ರಸ್ತೆ ಕಚ್ಚಿ ಹಿಡಿಯಿತು. ಗೆರೆ ಎಳೆದಂತೆ ಕಾರು ತಿರುವು ದಾಟಿತು.

"ನೋಡಿದ್ಯಾ?" ಎಂದು ನಕ್ಕ ಶಿವಶಂಕರ.

"ನಿಲ್ಸಿ."

ನಿಲ್ಲಿಸಿದ. ಅವಳು ಬೆಲ್ಟ್ ಬಿಚ್ಚಿದಳು. ದನಿ ಏರಲಿಲ್ಲ.

"ಅವತ್ತು ಕಾರು ಜಾರ್ದಾಗ ನಾನು ಕಿರುಚ್ತಿದ್ದೆ, ನೀವು ನಗ್ತಿದ್ರಿ. ಇವತ್ತು ಜಾರ್ಲಿಲ್ಲ ಅಂತ ನಕ್ರಿ. ಎರಡು ಸಲವೂ ನನ್ನ ಮುಖ ನೋಡ್ಲಿಲ್ಲ."

ಇಳಿದು ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ತೆರಕಣಾಂಬಿಯ ಬಸ್‌ಸ್ಟಾಪಿನ ಕಡೆಗೆ ನಡೆದಳು. ಶಿವಶಂಕರ ಕಾರನ್ನು ಮತ್ತೆ ಚಾಲೂ ಮಾಡಿದ. ಮೊದಲ ಗೇರಿಗೆ ಹಾಕಿ, ಅವಳ ನಡಿಗೆಯ ವೇಗದಲ್ಲೇ ಹಿಂಬಾಲಿಸಿದ. ಮುಂದಿನ ಗಾಜಿನ ತುಂಬ ಅವಳ ಬೆನ್ನು. ಹಿಂದೆ ಕೇರಳಕ್ಕೆ ಹೊರಟ ತರಕಾರಿ ಲಾರಿಗಳು ಒಂದರ ಹಿಂದೊಂದು ನಿಂತು, ಕೆರೆ ಏರಿಯವರೆಗೂ ಸಾಲುಗಟ್ಟಿ, ಹಾರ್ನ್ ಹೊಡೆಯತೊಡಗಿದವು. ಅವಳು ತಿರುಗಿ ನೋಡಲಿಲ್ಲ.