ಸಿಲಿಂಡರಿಗೆ ಮೊದಲ ಮಾತು

ದಾವಲಸಾಬರು ನಮ್ಮ ಜೀಪಿನ ಎಂಜಿನ್ ಬಿಚ್ಚಿ, ಸಿಲಿಂಡರ್ ಉಜ್ಜುವ ಕಲ್ಲನ್ನು ಪಕ್ಕಕ್ಕಿಟ್ಟು, ಗ್ಯಾರೇಜಿನ ರೇಡಿಯೊ ಬಂದ್ ಮಾಡಿದರು. ಹತ್ತಿರ ಆಡಿದ ಮಾತನ್ನೆಲ್ಲ ಸಿಲಿಂಡರಿನ ಗೋಡೆ ಹಿಡಿದಿಟ್ಟುಕೊಳ್ಳುತ್ತದಲ್ಲ, ಉಜ್ಜುವ ಮುಂಚೆ ಒಮ್ಮೆ ಕೇಳಿಸುವುದು ಗ್ಯಾರೇಜುಗಳ ಪದ್ಧತಿ.

“ಉಜ್ಜಿದ್ರ ಸಾಹೇಬ್ರ ಧ್ವನಿ ಅಳಿಸಿ ಹೋಗ್ತದ್ರಿ, ಅಕ್ಕಾರ. ಉಜ್ಜದಿದ್ರ ಪಿಸ್ಟನ್ನಿನ ಹೊಸ ರಿಂಗ್ ಕೂಡೂದಿಲ್ಲ, ಗಾಡಿ ಓಡೂದಿಲ್ಲ.”

ಅವರು ಹಳೆಯ ಪಿಸ್ಟನ್ನನ್ನು ಮೆಲ್ಲಗೆ ತಳ್ಳಿದರು. ತೀರಿಹೋದ ನನ್ನ ಯಜಮಾನರು ಒಳಗಿನಿಂದ ಹೇಳಿದರು: “ಗುಂಡಿ ಬಂತು, ಗಟ್ಟಿ ಹಿಡ್ಕೊ.”

ಊರಾಚೆಯ ತೋಟದ ಮನೆಯಲ್ಲಿ ಒಬ್ಬಳೇ ಇದ್ದ ನಾನು, ಗಾಡಿ ಕೆಟ್ಟಾಗಿನಿಂದ ಒಬ್ಬರ ಮುಖವನ್ನೂ ನೋಡಿರಲಿಲ್ಲ.

“ಉಜ್ಜಿಬಿಡ್ರಿ,” ಎಂದೆ.

ಅವರು ನನ್ನತ್ತ ನೋಡದೆ ಕಲ್ಲು ತಿರುಗಿಸಿದರು. ಆಮೇಲೆ ಹೊಸ ರಿಂಗನ್ನು ಒಳಗಿಟ್ಟು, ಅದರ ತುದಿಗಳ ನಡುವಿನ ಸಂದನ್ನು ತೆಳುವಾದ ಗೇಜಿನಿಂದ ಅಳೆದು, ಅರದಿಂದ ಸವರಿ, ಮತ್ತೆ ಅಳೆದರು.

“ಖಾಲಿ ಸಿಲಿಂಡರ್ ಓಡಿಸಬಾರದ್ರಿ. ಮೊದಲ ಮಾತು ನೀವ ಆಡ್ರಿ,” ಎಂದು ಕೈ ಒರೆಸಿಕೊಳ್ಳಲು ಬಾಗಿಲಿನತ್ತ ಹೋದರು.

ಸಿಲಿಂಡರಿನತ್ತ ಬಾಗಿ, ಯಜಮಾನರನ್ನು ದಿನಾ ಕೇಳುತ್ತಿದ್ದುದನ್ನೇ ಕೇಳಿದೆ: “ಊಟ ಆತೇನ್ರಿ?”

“ಇನ್ನೂ ಇಲ್ರಿ, ಅಕ್ಕಾರ,” ತಮ್ಮನ್ನೇ ಕೇಳಿದೆನೆಂದುಕೊಂಡು ದಾವಲಸಾಬರು ಅಲ್ಲಿಂದಲೇ ಕೂಗಿದರು. “ನಿಮ್ದಾತೇನ್ರಿ?”

ಅವರ ಮಾತೂ ಸಿಲಿಂಡರಿನಲ್ಲಿ ಕೂತುಬಿಟ್ಟಿತು. ತಮ್ಮ ತಪ್ಪು ಅರಿವಾಗಿ ನಾಚಿಕೊಂಡ ಅವರು, ಮತ್ತೊಮ್ಮೆ ಉಜ್ಜಿಕೊಡುತ್ತೇನೆಂದು ಕಲ್ಲು ತೆಗೆದುಕೊಂಡರು.

ನಾನು ಬೇಡವೆಂದೆ.